ಸಭಾಧ್ಯಕ್ಷ ಪೀಠದಲ್ಲಿ ಗುಂಡ್ಲುಪೇಟೆಯ ನಾಗರತ್ನಮ್ಮನವರು

ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳ ಗ್ರಾಮ ಪಂಚಾಯಿತಿಗಳಲ್ಲಿ ನಮ್ಮ ತಾಯಂದಿರು, ಸೋದರಿಯರು ಅಧ್ಯಕ್ಷರಾಗಿ ಕುಳಿತಿರುವುದನ್ನು ಕಂಡು ನಾವು ಸಂತೋಷಪಡುತ್ತೇವೆ. ಆದರೆ ಕೆಲವೆಡೆ ಕುರ್ಚಿ ಪತ್ನಿಯದು, ಮಾತು ಪತಿಯದು. ಇದನ್ನು ಕಂಡಾಗಲೆಲ್ಲ ನಮಗೆ ನೆನಪಾಗುವವರು ದಿವಂಗತ ಕೆ.ಎಸ್. ನಾಗರತ್ನಮ್ಮನವರು.

ನಮ್ಮ ಸಮಾಜದ ಈ ಹೆಣ್ಣುಮಗಳು 1957ರಲ್ಲಿ ಗುಂಡ್ಲುಪೇಟೆಯಿಂದ ಪಕ್ಷೇತರರಾಗಿ ನಿಂತು ಗೆದ್ದರು. ಬೆನ್ನಿಗೆ ಪಕ್ಷವಿಲ್ಲ, ಮೀಸಲಾತಿಯಂತೂ ಆಗ ಇರಲೇ ಇಲ್ಲ. ಅದೇ ಕ್ಷೇತ್ರದ ಜನ ಅವರನ್ನು ಒಟ್ಟು ಏಳು ಬಾರಿ ಆರಿಸಿ ಕಳುಹಿಸಿದರು.

1972ರಲ್ಲಿ ಅವರು ವಿಧಾನಸಭೆಯ ಸಭಾಧ್ಯಕ್ಷರಾದರು. ನಮ್ಮ ರಾಜ್ಯದಲ್ಲಿ ಆ ಪೀಠವೇರಿದ ಪ್ರಥಮ ಮಹಿಳೆ. ಮುಖ್ಯಮಂತ್ರಿಯೇ ಆಗಲಿ, ಸದನದಲ್ಲಿ ಮಾತನಾಡಬೇಕಾದರೆ ಸಭಾಧ್ಯಕ್ಷರ ಅನುಮತಿ ಬೇಕು. ಮಾತನ್ನು ಅವರನ್ನು ಉದ್ದೇಶಿಸಿಯೇ ಆಡಬೇಕು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಆ ವರ್ಷಗಳು ಸಾಮಾನ್ಯವಾದವಲ್ಲ. ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರು ಪಡೆದದ್ದು 1973ರ ನವೆಂಬರ್ 1ರಂದು, ಇವರು ಪೀಠದಲ್ಲಿದ್ದಾಗ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯೂ ಆ ಅವಧಿಯದೇ. ಅದು ನಮ್ಮವರಲ್ಲಿಯೂ ಹಲವು ಭೂಮಾಲೀಕರಿಗೆ ಕಹಿಯಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

1978ರವರೆಗೆ ಅವರು ಆ ಪೀಠದಲ್ಲಿದ್ದರು. ಮುಂದೆ ಎಂಬತ್ತರ ದಶಕದಲ್ಲಿ ವಿರೋಧ ಪಕ್ಷದ ನಾಯಕಿಯಾದರು, ವೀರೇಂದ್ರ ಪಾಟೀಲರ ಸಂಪುಟದಲ್ಲಿ ಆರೋಗ್ಯ ಸಚಿವೆಯಾದರು. 1993ರಲ್ಲಿ ಲಿಂಗೈಕ್ಯರಾದರು.

ಇಲ್ಲೊಂದು ಸೋಜಿಗವನ್ನು ಹೇಳದಿರಲಾರೆವು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರೂ ಗುಂಡ್ಲುಪೇಟೆಯವರೇ. ಅವರು ಮುಂದೆ ನಿಂತು ತಂದ 1983ರ ಕಾಯಿದೆಯು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಟ್ಟಿತು. 1986ರಲ್ಲಿ ರಚನೆಯಾದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 1987ರ ಮೊದಲ ಚುನಾವಣೆ ಬಂದದ್ದು ಈ ಕಾಯಿದೆಯ ಅಡಿಯಲ್ಲಿಯೇ. ಮೀಸಲಾತಿ 2010ರಲ್ಲಿ ಅರ್ಧಕ್ಕೆ ಏರಿತು.

ಹೀಗೆ ಒಂದೇ ತಾಲೂಕಿನ ಇಬ್ಬರಲ್ಲಿ ಒಬ್ಬರು ಕಾಯಿದೆಯ ಆಸರೆಯಿಲ್ಲದೆ ಸದನವನ್ನು ಹೊಕ್ಕರು, ಇನ್ನೊಬ್ಬರು ಸಾವಿರಾರು ಹೆಣ್ಣುಮಕ್ಕಳಿಗೆ ಕಾಯಿದೆಯಿಂದಲೇ ಬಾಗಿಲು ತೆರೆದರು. ಬಾಗಿಲೊಳಗೆ ಬಂದ ಸೋದರಿ ಸಭೆಯಲ್ಲಿ ತಾನೇ ಮಾತನಾಡುವಂತೆ ನೋಡಿಕೊಳ್ಳಬೇಕಾದವರು ಮನೆಯವರು. ಶರಣೆಯರು ಅನುಭವ ಮಂಟಪದಲ್ಲಿ ತಮ್ಮ ಮಾತನ್ನು ತಾವೇ ಆಡಿದರಲ್ಲವೆ?

1978ರ ಈಚೆಗೆ ವಿಧಾನಸಭೆಯ ಆ ಪೀಠದಲ್ಲಿ ಮತ್ತೊಬ್ಬ ಮಹಿಳೆ ಕುಳಿತಿಲ್ಲ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು ಕೇವಲ 10.