ವಖಾರಿಯ ಅಟ್ಟಣಿಗೆಗೆ ಎಷ್ಟು ದಿನ?

ಎಂಟು ಮಂದಿ ಆರು ದಿನಗಳಲ್ಲಿ ಮುಗಿಸುವ ಕೆಲಸವನ್ನು ಹದಿನಾರು ಮಂದಿ ಎಷ್ಟು ದಿನಗಳಲ್ಲಿ ಮುಗಿಸುವರು? ಮೂರು ದಿನಗಳಲ್ಲಿ ಎಂದು ಬರೆದ ವಿದ್ಯಾರ್ಥಿಗೆ ಶಾಲೆಯಲ್ಲಿ ಪೂರ್ಣ ಅಂಕಗಳು ದೊರೆಯುತ್ತವೆ. ಆದರೆ ಮನೆ ಕಟ್ಟಿಸಿದವರನ್ನೋ ಬಾವಿ ತೋಡಿಸಿದವರನ್ನೋ ಕೇಳಿ ನೋಡಿದರೆ, ಅವರು ಈ ಲೆಕ್ಕವನ್ನು ಕೇಳಿ ನಗುವರು. ಹಾಗಾದರೆ ಕೆಲಸವೊಂದಕ್ಕೆ ಹಿಡಿಯುವ ಕಾಲವನ್ನು ಮುಂಚಿತವಾಗಿ ಹೇಳುವುದಕ್ಕೆ ಶಾಸ್ತ್ರೀಯವಾದ ಮಾರ್ಗವೇ ಇಲ್ಲವೆ? ಇದೆ. ಅದನ್ನು ನಮ್ಮ ಕಣ್ಣೆದುರಿಗೇ ಇರುವ ಒಂದು ಉದಾಹರಣೆಯಿಂದ ತಿಳಿದುಕೊಳ್ಳಲು ಪ್ರಯತ್ನಿಸೋಣ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆಯ ವಖಾರಿಯನ್ನು ನೋಡದವರು ವಿರಳ. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು 1923ರಲ್ಲಿ ಸ್ಥಾಪಿತವಾದಂದಿನಿಂದ ಇಲ್ಲಿ ಅಡಿಕೆಯ ಸಹಕಾರೀ ವ್ಯಾಪಾರವು ಬೆಳೆಯುತ್ತ ಬಂದಿದೆ. ಬೆಳೆದ ಅಡಿಕೆಯೆಲ್ಲವೂ ಬಂದ ದಿನವೇ ಮಾರಾಟವಾಗುವುದಿಲ್ಲ. ಬೆಲೆ ಏರಲೆಂದು ಬೆಳೆಗಾರನು ಕಾಯುತ್ತಾನೆ. ಅಷ್ಟು ಕಾಲ ಮೂಟೆಯು ಎಲ್ಲಿಯಾದರೂ ಕುಳಿತಿರಬೇಕು. ಅದೂ ಒಂದೇ ಬಗೆಯ ಸರಕಲ್ಲ. ಚಾಲಿ, ರಾಶಿ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಹಲವು ದರ್ಜೆಗಳು, ನೂರಾರು ಮಂದಿ ಒಡೆಯರು. ಒಂದರ ಮೇಲೊಂದು ಪೇರಿಸಿದ ಥಪ್ಪಿಯಲ್ಲಿ ತಳದ ಮೂಟೆ ಬೇಕಾದರೆ ಮೇಲಿನವುಗಳನ್ನೆಲ್ಲ ಇಳಿಸಬೇಕು. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುವ ಶಿರಸಿಯಂತಹ ಊರಿನಲ್ಲಿ ನೆಲಕ್ಕೆ ತಾಗಿದ ಮೂಟೆಯು ತೇವವನ್ನು ಹೀರುವ ಭಯವೂ ಉಂಟು. ಹಳೆಯ ಮನೆಗಳಲ್ಲಿ ಅಡಿಕೆಯನ್ನು ಅಟ್ಟದ ಮೇಲೆ ಇಡುತ್ತಿದ್ದುದು ಸುಮ್ಮನೆ ಅಲ್ಲ. ದೊಡ್ಡ ಗೋದಾಮುಗಳಲ್ಲಿ ಆ ಅಟ್ಟದ ಸ್ಥಾನವನ್ನು ಇಂದು ಉಕ್ಕಿನ ಅಟ್ಟಣಿಗೆಯು, ಎಂದರೆ ರ್ಯಾಕು, ತೆಗೆದುಕೊಳ್ಳುತ್ತದೆ.

ಈಗ 30 ಮೀಟರ್ ಉದ್ದ, 22 ಮೀಟರ್ ಅಗಲದ ಒಂದು ಹಳೆಯ ವಖಾರಿಯನ್ನು ಊಹಿಸಿಕೊಳ್ಳೋಣ. ಅದರಲ್ಲಿ ಎಂಟು ಸಾಲು ರ್ಯಾಕುಗಳು, ಒಂದೊಂದು ಸಾಲಿನಲ್ಲಿ ಹತ್ತು ಅಂಕಣಗಳು, ನೆಲವಲ್ಲದೆ ಮೇಲೆ ಮೂರು ಅಂತಸ್ತುಗಳು. ಪ್ರತಿ ಅಂತಸ್ತಿನಲ್ಲಿ ಎರಡು ಮರದ ಚೌಕಿಗಳು. ಇವನ್ನು ಪ್ಯಾಲೆಟ್ ಎನ್ನುವರು. ಒಂದು ಚೌಕಿಯ ಮೇಲೆ 65 ಕಿಲೋಗ್ರಾಂಗಳ 15 ಮೂಟೆಗಳೆಂದರೆ ಹೆಚ್ಚುಕಡಿಮೆ ಒಂದು ಟನ್ನು. ಎಲ್ಲ ಸೇರಿ 640 ಚೌಕಿಗಳು, 9600 ಮೂಟೆಗಳು. ನೆಲವು ಹಳೆಯದಾದ್ದರಿಂದ ಹೊಸ ಕಾಂಕ್ರೀಟು ಬೇಕು. (ಈ ಸಂಖ್ಯೆಗಳೂ ಮುಂದಿನ ದಿನಗಳ ಲೆಕ್ಕವೂ ವಿವರಣೆಗಾಗಿ ಕಲ್ಪಿಸಿದವು, ವಿಧಾನವು ಮಾತ್ರ ಎಲ್ಲೆಡೆ ಒಂದೇ.)

ಕೆಲಸಗಳನ್ನು ಬಿಡಿಸಿ ಬರೆಯೋಣ. ಅಳತೆ ಮತ್ತು ನಕ್ಷೆಗೆ 4 ದಿನ. ನಕ್ಷೆ ಸಿದ್ಧವಾದ ಮೇಲೆ ಕಾರ್ಖಾನೆಯಲ್ಲಿ ಕಂಬ, ತೊಲೆಗಳ ತಯಾರಿಕೆಗೆ 30 ದಿನ, ಸಾಗಣೆಗೆ 3 ದಿನ. ಇತ್ತ ವಖಾರಿಯಲ್ಲಿರುವ ಮೂಟೆಗಳನ್ನು ತೆರವು ಮಾಡಲು 6 ದಿನ, ನೆಲ ಅಗೆದು ಕಾಂಕ್ರೀಟು ಹಾಕಲು 5 ದಿನ, ಕಾಂಕ್ರೀಟು ಬಲಿಯಲು 28 ದಿನ, ನೆಲದ ಮೇಲೆ ಗೆರೆ ಎಳೆದು ಗುರುತು ಮಾಡಲು 1 ದಿನ. ನೆಲ ಮತ್ತು ಸಾಮಗ್ರಿ ಎರಡೂ ಸಿದ್ಧವಾದ ಮೇಲೆ ಜೋಡಣೆಗೆ 8 ದಿನ, ಕೊನೆಯ ಪರೀಕ್ಷೆಗೆ 2 ದಿನ.

ಎಲ್ಲವನ್ನೂ ಕೂಡಿಸಿದರೆ 87 ದಿನಗಳಾಗುತ್ತವೆ. ಆದರೆ ಕಾರ್ಖಾನೆಯಲ್ಲಿ ಉಕ್ಕನ್ನು ಕತ್ತರಿಸುತ್ತಿರುವಾಗಲೇ ಇಲ್ಲಿ ನೆಲದ ಕೆಲಸ ಸಾಗಬಹುದಷ್ಟೆ. ಆದ್ದರಿಂದ ಕೂಡಿಸಬೇಕಾದುದು ಒಂದರ ಬಾಲವನ್ನು ಇನ್ನೊಂದು ಹಿಡಿದುಕೊಂಡ ಕೆಲಸಗಳನ್ನು ಮಾತ್ರ. ಇಲ್ಲಿ ಅಂತಹ ಸರಪಳಿಗಳು ಎರಡು. ನಕ್ಷೆ, ತಯಾರಿಕೆ, ಸಾಗಣೆ, ಜೋಡಣೆ, ಪರೀಕ್ಷೆ: ಇದು 47 ದಿನ. ನಕ್ಷೆ, ತೆರವು, ಕಾಂಕ್ರೀಟು, ಬಲಿಯುವಿಕೆ, ಗುರುತು, ಜೋಡಣೆ, ಪರೀಕ್ಷೆ: ಇದು 54 ದಿನ. ಉದ್ದವಾದ ಸರಪಳಿಯೇ ಇಡೀ ಕೆಲಸದ ಕಾಲವನ್ನು ನಿರ್ಧರಿಸುವುದರಿಂದ ಅದಕ್ಕೆ ‘ನಿರ್ಣಾಯಕ ಪಥ’ವೆಂದು ಹೆಸರು. ಚಿಕ್ಕ ಸರಪಳಿಗೆ 7 ದಿನಗಳ ಬಿಡುವು ಇದೆ.

ಈ ವಿಧಾನವನ್ನು 1957ರ ಸುಮಾರಿನಲ್ಲಿ ಅಮೆರಿಕದ ಡ್ಯೂಪಾಂಟ್ ರಾಸಾಯನಿಕ ಸಂಸ್ಥೆಗಾಗಿ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲಿ ಎಂಬವರು ರೂಪಿಸಿದರು. ಅದರ ಮರುವರ್ಷವೇ ಆ ದೇಶದ ನೌಕಾಪಡೆಯು ಪೊಲಾರಿಸ್ ಕ್ಷಿಪಣಿಯ ಯೋಜನೆಗಾಗಿ ‘ಪರ್ಟ್’ ಎಂಬ ಸೋದರ ವಿಧಾನವನ್ನು ಹುಟ್ಟುಹಾಕಿತು. ಕ್ಷಿಪಣಿಗೆ ಹುಟ್ಟಿದ ಗಣಿತವು ಅಡಿಕೆಗೂ ಒದಗುತ್ತದೆ.

ಇದರಿಂದ ಮೊದಲು ತಿಳಿಯುವುದೇನೆಂದರೆ, ಅವಸರವನ್ನು ಎಲ್ಲಿ ಮಾಡಿದರೂ ಫಲವಿಲ್ಲ. ಕಾರ್ಖಾನೆಗೆ ಹೆಚ್ಚು ಹಣ ಕೊಟ್ಟು 30 ದಿನಗಳ ತಯಾರಿಕೆಯನ್ನು 20 ದಿನಗಳಲ್ಲಿ ಮಾಡಿಸಿದರೆ ಉಳಿಯುವ ದಿನಗಳೆಷ್ಟು? ಸೊನ್ನೆ. ಉಕ್ಕು ಬಂದು ಅಂಗಳದಲ್ಲಿ ಬಿದ್ದಿರುತ್ತದೆ, ನೆಲವಿನ್ನೂ ಬಲಿತಿರುವುದಿಲ್ಲ. ಜೋಡಿಸುವವರನ್ನು ಇಮ್ಮಡಿ ಮಾಡಿದರೆ, ಅವರು ಒಬ್ಬರಿಗೊಬ್ಬರು ಅಡ್ಡಬಾರದಿದ್ದರೆ, 4 ದಿನ ಉಳಿಯಬಹುದು. ಆದರೆ ಹಣವಿಲ್ಲದೆಯೂ ಅದೇ 4 ದಿನಗಳನ್ನು ಪಡೆಯುವ ಮಾರ್ಗವೊಂದಿದೆ. ಮೂಟೆ ತೆರವು ಮಾಡುವುದಕ್ಕೆ ನಕ್ಷೆಯು ನಿಜವಾಗಿ ಬೇಕೆ? ಬೇಡ. ನೆಲದ ದಪ್ಪವನ್ನು ನಿರ್ಧರಿಸಲು ನಕ್ಷೆ ಬೇಕು. ಮೂಟೆ ಹೊರಲು ಬೇಡ. ಎರಡನ್ನೂ ಒಂದೇ ದಿನ ಆರಂಭಿಸಿದರೆ ಉದ್ದದ ಸರಪಳಿ 50 ದಿನಗಳಿಗೆ ಇಳಿಯುತ್ತದೆ. ಯೋಜನೆ ಹಾಕುವವನ ಬುದ್ಧಿಗೆ ನಿಜವಾದ ಕೆಲಸ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ: ‘ಇದರ ಅನಂತರ ಅದು’ ಎಂಬ ಮಾತು ವಸ್ತುಸ್ವಭಾವದಿಂದ ಬಂದುದೋ ಬರಿಯ ಅಭ್ಯಾಸದಿಂದ ಬಂದುದೋ ಎಂದು ವಿಚಾರಿಸುವುದು. ಆದರೆ ಇನ್ನೊಂದನ್ನೂ ಮರೆಯಬಾರದು. ಈಗ ಚಿಕ್ಕ ಸರಪಳಿಯ ಬಿಡುವು 7ರಿಂದ 3 ದಿನಗಳಿಗೆ ಇಳಿಯಿತು. ಕಾರ್ಖಾನೆಯವರು ಹತ್ತು ದಿನ ತಡಮಾಡಿದರೆ ನಮಗೆ ಏಳು ದಿನಗಳ ನಷ್ಟ.

28 ದಿನಗಳೇಕೆ? ಕಾಂಕ್ರೀಟು ‘ಒಣಗುತ್ತದೆ’ ಎಂದು ನಾವು ಹೇಳುವುದು ರೂಢಿಯಾದರೂ ಅದು ತಪ್ಪು. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಬೇಗ ಒಣಗಿಸಿದರೆ ದುರ್ಬಲವಾಗುತ್ತದೆ. ಆದುದರಿಂದಲೇ ಕನಿಷ್ಠ ಒಂದು ವಾರವಾದರೂ ಅದನ್ನು ಒದ್ದೆಯಾಗಿ ಇಡುವುದು. ಏಳು ದಿನಗಳಲ್ಲಿ ಅದಕ್ಕೆ 28 ದಿನಗಳ ಬಲದ ಸುಮಾರು ಮೂರರಲ್ಲೆರಡು ಪಾಲು ಬಂದಿರುತ್ತದೆ. 28 ಎಂಬುದು ಎಂಜಿನಿಯರರು ಒಪ್ಪಿಕೊಂಡ ಮೇರೆ. ಬಲವು ಆಮೇಲೂ ನಿಧಾನವಾಗಿ ಏರುತ್ತಲೇ ಇರುತ್ತದೆ. ಕೂಲಿಗಳನ್ನು ಇಮ್ಮಡಿ ಮಾಡುವುದರಿಂದ ಈ ಕ್ರಿಯೆಯ ವೇಗ ಹೆಚ್ಚುವುದಿಲ್ಲ.

ಇಲ್ಲಿ ಆತುರ ಪಡುವುದರಲ್ಲಿರುವ ಅಪಾಯವನ್ನು ಅಂಕಿಗಳಿಂದಲೇ ನೋಡಬಹುದು. ನಡುವಿನ ಒಂದು ಕಂಬದ ಮೇಲೆ ಬೀಳುವ ಭಾರ 3 ಟನ್ನು. ಅದರ ತಳದ ಫಲಕವು 12 ಸೆಂಟಿಮೀಟರ್ ಚೌಕವಾಗಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 21 ಕಿಲೋಗ್ರಾಂ ಒತ್ತಡ. ಇದನ್ನು ನೆಲವು ತಾಳಿಕೊಂಡರೂ ಕಂಬವನ್ನು ಹಿಡಿದಿರುವ ಬೋಲ್ಟುಗಳಿವೆ. ಬಿಗಿದಂತೆ ಬೋಲ್ಟಿನ ತೋಳು ಹಿಗ್ಗಿ ರಂಧ್ರದ ಗೋಡೆಯನ್ನು ಒತ್ತುತ್ತದೆ. ಎಳೆತ ಮಿತಿಮೀರಿದರೆ ಶಂಕುವಿನಾಕಾರದ ಕಾಂಕ್ರೀಟಿನ ತುಂಡೇ ಕಿತ್ತು ಬರುತ್ತದೆ. ಎಳೆತಕ್ಕೆ ಕಾಂಕ್ರೀಟು ಸ್ವಭಾವತಃ ದುರ್ಬಲ. ಬಲಿಯದ ಕಾಂಕ್ರೀಟನ್ನಂತೂ ಕೇಳುವುದೇ ಬೇಡ. ಒಂದು ಅಂಕಣದ ಮೇಲಂತಸ್ತುಗಳಲ್ಲಿ 6 ಟನ್ನು ಸರಕು, ಅದರ ಪಕ್ಕದಲ್ಲಿ ದಿನವಿಡೀ ಓಡಾಡುವ ಹಮಾಲರು. ನಾಲ್ಕು ದಿನ ಮೊದಲು ಉದ್ಘಾಟನೆ ಮಾಡುವ ಆಸೆಗೆ ಇವರನ್ನು ಪಣವಿಡಲಾಗದು.

ಇನ್ನು ಜೋಡಣೆಗೆ 8 ದಿನಗಳೆಂಬುದು ಎಲ್ಲಿಂದ ಬಂತು? ಎಂಟು ಸಾಲುಗಳಿಗೆ 88 ಚೌಕಟ್ಟುಗಳು, 480 ಅಡ್ಡತೊಲೆಗಳು, ಚೌಕಟ್ಟಿಗೆ ನಾಲ್ಕರಂತೆ 352 ಬೋಲ್ಟುಗಳು. ಇಬ್ಬರ ಒಂದು ಜೋಡಿಯು ಒಂದು ಚೌಕಟ್ಟನ್ನು ಕೂಡಿಸಲು 20 ನಿಮಿಷ, ಎತ್ತಿ ನಿಲ್ಲಿಸಲು 15, ಮಟ್ಟ ನೋಡಲು 15, ಒಂದು ತೊಲೆಗೆ 3, ಒಂದು ಬೋಲ್ಟಿಗೆ 4 ನಿಮಿಷ ತೆಗೆದುಕೊಳ್ಳುವುದಾದರೆ ಒಟ್ಟು ಸುಮಾರು 121 ಗಂಟೆಗಳಾಗುತ್ತವೆ. ಎರಡು ಜೋಡಿಗಳಿದ್ದರೆ 60 ಗಂಟೆಗಳು. ದಿನಕ್ಕೆ ಏಳೂವರೆ ಗಂಟೆ ಕೈ ಆಡಿದರೆ 8 ದಿನಗಳು.

ಮಟ್ಟ ನೋಡುವುದಕ್ಕೆ ಅಷ್ಟು ಹೊತ್ತೇಕೆ ಎಂದು ಹೊಸಬರು ಆಕ್ಷೇಪಿಸುವುದುಂಟು. ಚೌಕಟ್ಟಿನ ಎರಡು ಪಾದಗಳ ನಡುವೆ ಒಂದು ಮೀಟರ್ ಅಂತರ, ಎತ್ತರ 6 ಮೀಟರ್ ಎಂದಿರಲಿ. ನೆಲವು ಒಂದು ಪಾದದ ಕೆಳಗೆ 3 ಮಿಲಿಮೀಟರ್ ತಗ್ಗಾಗಿದ್ದರೆ ತುದಿಯು 18 ಮಿಲಿಮೀಟರ್ ಸರಿಯುತ್ತದೆ. ಇದು ಸರಳ ತ್ರಿಕೋಣಮಿತಿ. ತುದಿಯು 20 ಮಿಲಿಮೀಟರ್ ವಾಲಿತೆನ್ನೋಣ, ಓರೆಯು ಮುನ್ನೂರರಲ್ಲೊಂದು. ಆಗ 3 ಟನ್ನಿನ ಲಂಬ ಭಾರವು 10 ಕಿಲೋಗ್ರಾಂ ಭಾರದಷ್ಟು ಬಲದಿಂದ ಕಂಬವನ್ನು ಪಕ್ಕಕ್ಕೆ ನೂಕುತ್ತದೆ. ಹತ್ತು ಕಿಲೋಗ್ರಾಂ ಅಲ್ಪವೆನಿಸಬಹುದು. ಆದರೆ ನೂಕಿದಷ್ಟೂ ಕಂಬ ಬಾಗುತ್ತದೆ, ಬಾಗಿದಷ್ಟೂ ನೂಕು ಹೆಚ್ಚುತ್ತದೆ. ಆದ್ದರಿಂದ ಪಾದದ ಕೆಳಗೆ ತೆಳುವಾದ ಉಕ್ಕಿನ ತಗಡುಗಳನ್ನು ಸೇರಿಸಿ, ತೂಗುಗುಂಡಿನಿಂದ ಪರೀಕ್ಷಿಸಿ, ಆಮೇಲೆ ಬೋಲ್ಟು ಬಿಗಿಯಬೇಕು. ಸಾಲಿನ ಮೊದಲ ಅಂಕಣಕ್ಕಂತೂ ಎಲ್ಲಕ್ಕಿಂತ ಹೆಚ್ಚು ಹೊತ್ತು ಸಲ್ಲುತ್ತದೆ, ಉಳಿದ ಒಂಬತ್ತು ಅಂಕಣಗಳು ಅದನ್ನೇ ಅನುಸರಿಸುವುದರಿಂದ.

ಇಷ್ಟಾದರೂ 50 ದಿನಗಳೆಂದು ಮಾತು ಕೊಡಬಹುದೆ? ಪ್ರಯೋಗಶಾಲೆಯಲ್ಲಿ ಅಳತೆಯೊಡನೆ ದೋಷದ ಮಿತಿಯನ್ನೂ ಬರೆಯಬೇಕೆಂದು ನಾವು ವಿದ್ಯಾರ್ಥಿಗಳನ್ನು ಪೀಡಿಸುತ್ತೇವೆ. ಕಾಲದ ಅಂದಾಜಿಗೂ ಅದೇ ನಿಯಮ ಸಲ್ಲುತ್ತದೆ. ಪರ್ಟ್ ವಿಧಾನದಲ್ಲಿ ಪ್ರತಿಯೊಂದು ಕೆಲಸಕ್ಕೂ ಮೂರು ಅಂದಾಜುಗಳನ್ನು ಕೇಳುತ್ತಾರೆ: ಎಲ್ಲವೂ ಸುಗಮವಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ ಸರಾಸರಿ; ಮೊದಲ ಮತ್ತು ಕೊನೆಯವುಗಳ ಅಂತರದ ಆರನೆಯ ಒಂದು ಪಾಲು ಮಾನಕ ವಿಚಲನೆ. ತೆರವಿಗೆ 5, 6, 13 ದಿನಗಳೆಂದರೆ ಸರಾಸರಿ 7. ಕಾಂಕ್ರೀಟು ಹಾಕಲು 4, 5, 12 ಎಂದರೆ 6. ಜೋಡಣೆಗೆ 7, 8, 15 ಎಂದರೆ 9. ಪರೀಕ್ಷೆಗೆ 1, 2, 3 ಎಂದರೆ 2. ಬಲಿಯುವಿಕೆ 28, ಗುರುತು 1. ಒಟ್ಟು 50 ಅಲ್ಲ, 53! ಕೆಲಸವು ಬೇಗ ಮುಗಿಯುವುದಕ್ಕೆ ಒಂದು ಮೇರೆಯಿದೆ, ತಡವಾಗುವುದಕ್ಕೆ ಮೇರೆ ಬಹು ದೂರದಲ್ಲಿದೆ; ಈ ಅಸಮತೆಯೇ ಮೂರು ದಿನಗಳ ವ್ಯತ್ಯಾಸಕ್ಕೆ ಕಾರಣ.

ವಿಚಲನೆಗಳ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಸುಮಾರು 2.3 ದಿನಗಳು. ಸಾಮಾನ್ಯ ವಿತರಣೆಯನ್ನು ಒಪ್ಪಿಕೊಂಡರೆ, 50 ದಿನಗಳೊಳಗೆ ಮುಗಿಯುವ ಸಂಭವ ಹತ್ತರಲ್ಲೊಂದು ಮಾತ್ರ. ಎರಡು ವಿಚಲನೆಗಳಷ್ಟು ಮುಂದೆ ಹೋಗಿ 58 ದಿನಗಳೆಂದು ಹೇಳಿದರೆ ಮಾತು ತಪ್ಪುವ ಸಂಭವ ನೂರಕ್ಕೆ ಎರಡು ಮೂರು. ಹಾಗೆಂದು ಪ್ರತಿಯೊಂದು ಕೆಲಸಕ್ಕೂ ಕೆಟ್ಟ ಅಂದಾಜನ್ನೇ ಹಿಡಿದು 72 ದಿನಗಳೆಂದು ಹೇಳುವುದೂ ಅತಿಯಾದೀತು. ಎಲ್ಲ ಕೇಡುಗಳೂ ಒಟ್ಟಿಗೆ ಬರುವುದು ಅಪರೂಪ.

ಅಪರೂಪವೆಂದೆ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅಲ್ಲ. ಮೇಲಿನ ವರ್ಗಮೂಲದ ಲೆಕ್ಕವು ಒಂದು ಕೆಲಸದ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲವೆಂಬ ಷರತ್ತಿನ ಮೇಲೆ ನಿಂತಿದೆ. ಒಂದೇ ಮಳೆಯು ತೆರವಾದ ಮೂಟೆಗಳನ್ನು ನೆನೆಸಿ, ಅಗೆದ ನೆಲಕ್ಕೆ ನೀರು ನುಗ್ಗಿಸಿ, ವಿದ್ಯುತ್ತನ್ನೂ ಕೆಡಿಸಿ, ಲಾರಿಯನ್ನೂ ದಾರಿಯಲ್ಲಿ ನಿಲ್ಲಿಸಿದರೆ ಆ ಷರತ್ತು ಮುರಿದುಬೀಳುತ್ತದೆ. ಈ ಮೂರು ಊರುಗಳಲ್ಲಿ ಒಂದಕ್ಕೂ ರೈಲು ಇಲ್ಲ. ಉಕ್ಕು ರಸ್ತೆಯಲ್ಲಿಯೇ ಬರಬೇಕು. 2021ರ ಜುಲೈನಲ್ಲಿ ಯಲ್ಲಾಪುರ ಮತ್ತು ಅಂಕೋಲೆಗಳ ನಡುವಣ ಅರಬೈಲು ಘಟ್ಟದಲ್ಲಿ ಭೂಕುಸಿತವಾಗಿ ಹೆದ್ದಾರಿಯ ಸಂಚಾರವೇ ನಿಂತುಹೋಗಿತ್ತು. ಮೇಲಾಗಿ ಜೋಡಣೆ ಆರಂಭವಾಗಬೇಕಾದರೆ ನೆಲವೂ ಸಾಮಗ್ರಿಯೂ ಎರಡೂ ಸಿದ್ಧವಾಗಿರಬೇಕು. ಒಂದೊಂದೂ ಸಕಾಲಕ್ಕೆ ಒದಗುವ ಸಂಭವ ಹತ್ತರಲ್ಲಿ ಒಂಬತ್ತಾದರೆ, ಎರಡೂ ಒದಗುವ ಸಂಭವ ನೂರರಲ್ಲಿ 81ಕ್ಕೆ ಇಳಿಯುತ್ತದೆ.

ಆದ್ದರಿಂದ ಲೆಕ್ಕವನ್ನು ಮುಂದಿನಿಂದ ಹಿಂದಕ್ಕೆ ಮಾಡುವುದು ಲೇಸು. ಈ ಸೀಮೆಯಲ್ಲಿ ಅಡಿಕೆಯ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಫೆಬ್ರವರಿಯವರೆಗೆ ನಡೆಯುತ್ತದೆ. ಚಾಲಿಗೆ 40-45 ದಿನಗಳ ಬಿಸಿಲು ಬೇಕು. ಹೊಸ ಚಾಲಿಯ ಮೂಟೆಗಳು ಬರತೊಡಗುವ ಮೊದಲು, ಜನವರಿ 15ಕ್ಕೆ, ವಖಾರಿಯು ಸಿದ್ಧವಾಗಿರಬೇಕೆನ್ನೋಣ. ಅಲ್ಲಿಂದ 58 ದಿನ ಹಿಂದೆ ಎಣಿಸಿದರೆ ನವೆಂಬರ್ 18. ಆ ವೇಳೆಗೆ ಮಳೆ ಹಿಂದೆ ಸರಿದಿರುತ್ತದೆ, ಘಟ್ಟದ ರಸ್ತೆ ತೆರೆದಿರುತ್ತದೆ. ಅಂದು ಬೆಳಿಗ್ಗೆ ಅಳತೆಯ ಪಟ್ಟಿ ಹಿಡಿದವನೂ ಮೊದಲ ಮೂಟೆಗೆ ಹೆಗಲು ಕೊಡುವ ಹಮಾಲನೂ ಒಟ್ಟಿಗೇ ಒಳಕ್ಕೆ ಹೋಗಬೇಕು.