ಬೆಳೆ ಕಾಯೋಕೆ ಪಿಸ್ತೂಲ್ ಬೇಕಾ? ಕೋವಿ ಕೊಳ್ಳೋ ಮುಂಚೆ ಪರವಾನಗಿ, ತೋಟಾ, ಬಿಡಿಭಾಗ ಹೊಂದಿಸಿ ನೋಡಿ

ಗೆಳೆಯರೇ, ಈ ವಾರ ಗೊಬ್ಬರ, ಕಷಾಯ, ಬೀಜೋಪಚಾರ ಯಾವುದೂ ಇಲ್ಲ. ಭತ್ತ ಹಾಲುಗಾಳು ಕಟ್ಟೋ ಹೊತ್ತಿಗೆ ಕಾಡುಹಂದಿ, ಬಾಳೆ ಗೊನೆ ಬಲಿಯೋ ಹೊತ್ತಿಗೆ ಮಂಗ. ಇದು ಮಲೆನಾಡಿನ ನಮಗೆಲ್ಲ ಗೊತ್ತಿರೋ ಕಥೆ. ಈಚೆಗೆ ಹುಡುಗರು ನನ್ನನ್ನ ಹೆಚ್ಚಾಗಿ ಕೇಳ್ತಿರೋ ಪ್ರಶ್ನೆ ಇದು: "ಅಣ್ಣಾ, ಫೋನಲ್ಲಿ ಸಣ್ಣ ಪ್ಲಾಸ್ಟಿಕ್ ಬಾಡಿ ಪಿಸ್ತೂಲ್ ತೋರಿಸ್ತಾರಲ್ಲ, ಪಾರ್ಟ್ಸೆಲ್ಲ ಬಿಡಿಬಿಡಿಯಾಗಿ ಕೊರಿಯರ್‌ನಲ್ಲಿ ಬರುತ್ತಂತೆ. ತೋಟಕ್ಕೆ ಅದೊಂದು ತಗೊಂಡ್ರೆ ಹೇಗೆ?"

ಉತ್ತರ ಮೊದಲೇ ಹೇಳಿಬಿಡ್ತೀನಿ. ತಗೋಬೇಡಿ. ಯಾಕೆ ಬೇಡ, ಬದಲಿಗೆ ಏನು ಮಾಡಬಹುದು, ಮನೇಲಿ ಈಗಾಗಲೇ ಅಜ್ಜನ ಕಾಲದ ಕೋವಿ ಇದ್ದರೆ ಏನು ನೋಡಬೇಕು ಅನ್ನೋದನ್ನ ಒಂದೊಂದಾಗಿ ಹೇಳ್ತೀನಿ.

ಆ ವಿಡಿಯೋ ಯಾವ ದೇಶದ್ದು ಅಂತ ನೋಡಿ

ಪ್ಲಾಸ್ಟಿಕ್ ಅಂತ ನಾವು ಕರೆಯೋದು ಗಟ್ಟಿ ಪಾಲಿಮರ್. ಆಸ್ಟ್ರಿಯಾದ ಗ್ಲಾಕ್ ಕಂಪನಿಯ ಪಿಸ್ತೂಲಿನಿಂದ ಇದು ಜಗತ್ತಿಗೆಲ್ಲ ಪರಿಚಯವಾಯ್ತು. ಆ ದೇಶದ ಸೇನೆ 1982ರಲ್ಲಿ ಅದನ್ನ ಆರಿಸಿಕೊಂಡಿತು. ಆಮೇಲೆ ಬಂದ ಚಿಕ್ಕ ಅಳತೆಯ ಮಾದರಿ ಗ್ಲಾಕ್ 19. ಹಿಡಿಕೆ ಮತ್ತು ಚೌಕಟ್ಟು ಪಾಲಿಮರ್, ನಳಿಗೆ ಮತ್ತು ಮೇಲಿನ ಜಾರುಭಾಗ ಉಕ್ಕು. ಅದರಲ್ಲೂ ಒಂದೊಂದು ತಲೆಮಾರಿನ ಬಿಡಿಭಾಗ ಬೇರೆ ಬೇರೆ. ಮೂರನೇ ತಲೆಮಾರಿನ ಸ್ಪ್ರಿಂಗ್ ನಾಲ್ಕನೆಯದಕ್ಕೆ ಕೂರಲ್ಲ. ದೊಡ್ಡ ಮಾದರಿಯ ಮ್ಯಾಗಜಿನ್ ಚಿಕ್ಕದಕ್ಕೆ ಆಗುತ್ತೆ, ಚಿಕ್ಕದರದ್ದು ದೊಡ್ಡದಕ್ಕೆ ಆಗಲ್ಲ. "ಯಾವ ಪಾರ್ಟ್ ಯಾವುದಕ್ಕೆ ಆಗುತ್ತೆ" ಅಂತ ವಿಡಿಯೋಗಳಲ್ಲಿ ಅಷ್ಟೊಂದು ಚರ್ಚೆ ನಡೆಯೋದು ಇದಕ್ಕೇ.

ಆದರೆ ಮುಖ್ಯ ವಿಷಯ ಬೇರೆ ಇದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ನಂಬರ್ ಹೊಡೆದ ಚೌಕಟ್ಟು ಮಾತ್ರ ಪಿಸ್ತೂಲು ಅಂತ ಲೆಕ್ಕ. ಹಾಗಾಗಿ ನಳಿಗೆ, ಸ್ಪ್ರಿಂಗ್‌ಗಳನ್ನ ಅಲ್ಲಿಯ ಜನ ಅಂಚೆಯಲ್ಲಿ ತರಿಸ್ಕೊಳ್ತಾರೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಾಗಿಲ್ಲ. 'ಆಯುಧ' ಅನ್ನೋ ಪದದ ಅರ್ಥದೊಳಗೇ ಬಿಡಿಭಾಗಗಳೂ ಸೇರಿವೆ. ಅಲ್ಲಿ ಬೈಕಿನ ಸ್ಪೇರ್ ಪಾರ್ಟ್‌ ತರಿಸಿದ ಹಾಗೆ ತರಿಸೋ ವಸ್ತು, ಇಲ್ಲಿ ನಿಮ್ಮ ಮನೆಗೆ ಬಂದರೆ ಕೇಸು. ಜೊತೆಗೆ ಆ ಪಿಸ್ತೂಲು ಹೆಚ್ಚಾಗಿ ಬರೋದು 9 ಎಂಎಂ ಅಳತೆಯಲ್ಲಿ. ನಮ್ಮಲ್ಲಿ ಅದು ನಿಷೇಧಿತ ಬೋರ್, ಸಾಮಾನ್ಯ ಪರವಾನಗಿ ಇದ್ದರೂ ಇಟ್ಕೊಳ್ಳೋ ಹಾಗಿಲ್ಲ.

ಪರವಾನಗಿ ಇಲ್ಲದೆ ಮಾಮೂಲಿ ಬಂದೂಕು ಇಟ್ಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ನಿಷೇಧಿತ ಆಯುಧವಾದರೆ ಕನಿಷ್ಠವೇ 7 ವರ್ಷ. "ಲೈಸೆನ್ಸ್ ಬೇಡ, ಅಡ್ವಾನ್ಸ್ ಹಾಕಿ" ಅಂತ ಸಾಮಾಜಿಕ ಜಾಲತಾಣದಲ್ಲಿ ಯಾರಾದರೂ ಕೇಳಿದರೆ ಎರಡರಲ್ಲಿ ಒಂದು ಖಂಡಿತ: ದುಡ್ಡು ಹೋಗುತ್ತೆ, ಇಲ್ಲಾ ನೀವು ಹೋಗ್ತೀರಿ.

ಬೆಳೆ ರಕ್ಷಣೆಗೆ ಕಾನೂನು ಯಾವ ಕೋವಿ ಕೊಡುತ್ತೆ?

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆ ಅಂತಲೇ ಬರೆದಿದೆ. ನಿಜವಾಗಿ ಬೆಳೆ ಕಾಯೋಕೆ ಬೇಕು ಅಂದರೆ ಬಾಯಿಂದ ಮದ್ದು ತುಂಬೋ ಕೋವಿ, ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ನುಣುಪಾಗಿರೋ ತೋಟಾ ಕೋವಿ. ಬೆಳೆ ರಕ್ಷಣೆಯ ಈ ಸಾಲಿನಲ್ಲಿ ಪಿಸ್ತೂಲಿನ ಹೆಸರೇ ಇಲ್ಲ.

ಅದು ಸರಿಯೂ ಹೌದು. ಕತ್ತಲಲ್ಲಿ, ಗದ್ದೆ ಬದುವಿನ ಮೇಲೆ, ಓಡೋ ಹಂದಿಗೆ ಗಿಡ್ಡ ನಳಿಗೆಯ ಪಿಸ್ತೂಲಿನಿಂದ ಗುರಿ ಹಿಡಿಯೋದು ಆಗೋ ಮಾತಲ್ಲ. ತಪ್ಪಿದ ಗುಂಡು ನೂರಾರು ಮೀಟರ್ ಆಚೆ ಹೋಗುತ್ತೆ. ಪಕ್ಕದ ತೋಟದಲ್ಲೂ ಒಬ್ಬರು ಕಾವಲು ಕೂತಿರ್ತಾರೆ, ನೆನಪಿರಲಿ.

ಅರ್ಜಿ ಕೊಡೋದು ಜಿಲ್ಲಾಧಿಕಾರಿಗೆ. ಪೊಲೀಸ್ ಕಮಿಷನರೇಟ್ ಇರೋ ನಗರದಲ್ಲಿ ಕಮಿಷನರ್‌ಗೆ. ಪೊಲೀಸ್ ವರದಿ ಆಗುತ್ತೆ. 2016ರ ನಿಯಮದ ಪ್ರಕಾರ ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು. ಕ್ರಮ ಮರೀಬೇಡಿ: ಮೊದಲು ಪರವಾನಗಿ, ಆಮೇಲೆ ಕೋವಿ. "ಒಳ್ಳೆ ರೇಟಿಗೆ ಸಿಕ್ತು, ಕಾಗದ ಆಮೇಲೆ ಮಾಡಿಸೋಣ" ಅನ್ನೋದು ಹಳೇ ಟ್ರ್ಯಾಕ್ಟರಿಗೆ ನಡೆದೀತು, ಕೋವಿಗೆ ನಡೆಯಲ್ಲ.

ಕೊಡಗಿನ ಸ್ನೇಹಿತರ ವಿಷಯ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2029ರ ಅಕ್ಟೋಬರ್ ವರೆಗೆ ಮುಂದುವರಿಸಿದೆ. ಅದನ್ನ ನೋಡಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದವರು "ನಮಗೂ ನಡೆಯುತ್ತೆ" ಅಂದ್ಕೋಬೇಡಿ.

ಅಜ್ಜನ ಕೋವಿ ಅಟ್ಟದ ಮೇಲಿದೆಯಾ?

ಪರವಾನಗಿ ಅಜ್ಜನ ಹೆಸರಿನಲ್ಲಿತ್ತು, ಅಜ್ಜ ತೀರಿಕೊಂಡರು, ಕೋವಿ ಇನ್ನೂ ಗೋಡೆಯ ಮೇಲಿದೆ. ಇಂಥ ಮನೆಗಳನ್ನ ನಾನೇ ಎಷ್ಟೋ ನೋಡಿದ್ದೀನಿ. ಪರವಾನಗಿದಾರ ಇಲ್ಲವಾದ ಮೇಲೆ ಆ ಕೋವಿಯನ್ನ ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರೋ ಬಂದೂಕು ಅಂಗಡಿಯಲ್ಲೋ ಠೇವಣಿ ಇಡಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಇನ್ನೂ ಒಳ್ಳೇದು ಅಂದರೆ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡೋಕೆ ನಿಯಮದಲ್ಲಿ ಅವಕಾಶ ಇದೆ. ಅಪ್ಪ, ಅಜ್ಜನ ಜೊತೆ ಕೂತು ಈ ಕೆಲಸ ಮುಗಿಸಿಕೊಳ್ಳಿ.

ಕೊಳ್ಳುವಾಗ ಹೊಂದಿಸಿ ನೋಡಬೇಕಾದ್ದು

ಪರವಾನಗಿ ಕೈಗೆ ಬಂತು, ಹಳೇ ತೋಟಾ ಕೋವಿ ನೋಡೋಕೆ ಹೋಗಿದ್ದೀರಿ ಅಂತಿಟ್ಕೊಳ್ಳಿ. ಈ ಐದು ನೋಡಿ.

1. ನಂಬರ್: ಕೋವಿಯ ಮೇಲಿನ ನಂಬರ್, ಮಾರೋರ ಪರವಾನಗಿ ಪುಸ್ತಕದ ನಂಬರ್ ಎರಡೂ ಒಂದೇ ಇರಬೇಕು. ಅಳಿಸಿದ, ಮತ್ತೆ ಹೊಡೆದ ಗುರುತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಖಾಸಗಿಯವರ ಹತ್ತಿರ ಕೊಳ್ಳೋದಾದರೆ ಮಾರಾಟಕ್ಕೆ ಮುಂಚೆಯೇ ಅವರು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿರಬೇಕು.

2. ಬೋರ್: 12 ಬೋರ್ ಅಂದರೆ ನಳಿಗೆಯ ಒಳಗಿನ ಅಗಲ ಸುಮಾರು 18.5 ಎಂಎಂ. ಅಷ್ಟು ಅಗಲದ ಸೀಸದ ಉಂಡೆ 12 ಸೇರಿದರೆ ಒಂದು ಪೌಂಡ್, ಅದಕ್ಕೇ ಆ ಹೆಸರು. 20 ಬೋರ್ ಅಂದರೆ ಅದಕ್ಕಿಂತ ಸಣ್ಣದು. ಅಪ್ಪಿತಪ್ಪಿಯೂ ಎರಡೂ ಅಳತೆಯ ತೋಟಾ ಒಂದೇ ಜೇಬಿನಲ್ಲಿ ಇರಬಾರದು. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತೆ. ಖಾಲಿ ಅಂದ್ಕೊಂಡು ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಸಿಡಿದು ಎಡಗೈಯೇ ಹೋಗಬಹುದು.

3. ಕೋಣೆಯ ಉದ್ದ: ತೋಟಾ ಕೂರೋ ಜಾಗ ಹಳೇ ಕೋವಿಗಳಲ್ಲಿ 65 ಎಂಎಂ, ಈಚಿನವುಗಳಲ್ಲಿ 70 ಅಥವಾ 76 ಎಂಎಂ. ಸಾಮಾನ್ಯವಾಗಿ ನಳಿಗೆಯ ಬುಡದಲ್ಲಿ ಕೆತ್ತಿರುತ್ತೆ. ತೋಟಾದ ಮೇಲೆ ಬರೆದಿರೋದು ಅದು ಸಿಡಿದು ಬಿಚ್ಚಿಕೊಂಡ ಮೇಲಿನ ಉದ್ದ. ಹಾಗಾಗಿ 70ರ ತೋಟಾ 65ರ ಕೋವಿಯಲ್ಲೂ ಆರಾಮಾಗಿ ಕೂರುತ್ತೆ. ಕೂತಿತು ಅಂತ ಹೊಡೆಯಬೇಡಿ. ಬಿಚ್ಚೋಕೆ ಜಾಗ ಸಾಲದೆ ಒತ್ತಡ ಮಿತಿಮೀರುತ್ತೆ.

4. ಬಿಗಿ: ಖಾಲಿ ಅಂತ ಖಾತ್ರಿ ಮಾಡ್ಕೊಂಡು, ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ನಳಿಗೆ ಮತ್ತು ಹಿಡಿಯ ನಡುವೆ ಲಟಲಟ ಅಂದರೆ ಬೇಡ. ನಳಿಗೆಯೊಳಗೆ ಬೆಳಕು ಹಾಯಿಸಿ ತುಕ್ಕಿನ ಗುಳಿ, ಹೊರಗೆ ತಗ್ಗು ನೋಡಿ. ಅಧಿಕೃತ ಪರೀಕ್ಷೆಯ ಮುದ್ರೆ ಇದೆಯಾ ನೋಡಿ.

5. ಬಿಡಿಭಾಗ: ಜೋಡಿ ನಳಿಗೆಯ ಕೋವಿಗಳಲ್ಲಿ ನಳಿಗೆಯನ್ನ ಆಯಾ ಕೋವಿಗೆ ಅರ ಹಾಕಿ ಕೂರಿಸಿರ್ತಾರೆ. ಅದೇ ಕಂಪನಿ, ಅದೇ ಮಾದರಿಯ ಇನ್ನೊಂದು ನಳಿಗೆ ತಂದರೂ ಸರಿಯಾಗಿ ಕೂರಲ್ಲ. ಮುಳ್ಳು, ಸ್ಪ್ರಿಂಗ್, ತೋಟಾ ಎಳೆಯೋ ಕೊಕ್ಕೆ ಸಿಗುತ್ತಾ ಅಂತ ಮೊದಲೇ ವಿಚಾರಿಸಿ. ಊರಿನ ಲೇತ್ ಅಂಗಡಿಯಲ್ಲಿ ಮುಳ್ಳು ಕಡೆಸೋದು ಬೇಡವೇ ಬೇಡ. ರಿಪೇರಿಗೂ ಪರವಾನಗಿ ಇರೋ ಬಂದೂಕು ಮಿಸ್ತ್ರಿಯೇ ಆಗಬೇಕು.

ಆತ್ಮರಕ್ಷಣೆಗೆ ಅಂತ .32 ಪರವಾನಗಿ ಇರೋರಿಗೂ ಒಂದು ಮಾತು. .32 ಪಿಸ್ತೂಲಿನ ತೋಟಾ ಬೇರೆ, .32 ರಿವಾಲ್ವರಿನ ತೋಟಾ ಬೇರೆ. ಹೆಸರು ಒಂದೇ ಅಂತ ಅದಲು ಬದಲು ಮಾಡಬೇಡಿ.

ಕೋವಿ ಪರವಾನಗಿ ಬೇಟೆಯ ಪರವಾನಗಿ ಅಲ್ಲ

ಇದನ್ನ ಎರಡು ಸಲ ಓದಿ. ಬೆಳೆ ರಕ್ಷಣೆಯ ಕೋವಿ ಕೈಲಿದ್ದ ಮಾತ್ರಕ್ಕೆ ಪ್ರಾಣಿ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು, ನಮ್ಮ ಕಡೆಯ ಮಂಗ ಎರಡೂ ಮೊದಲನೇ ಪಟ್ಟಿಯಲ್ಲಿವೆ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತಾದರೆ 11ನೇ ಸೆಕ್ಷನ್ ಪ್ರಕಾರ ಅಧಿಕೃತ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಅನುಮತಿ ಇಲ್ಲದಿದ್ದರೆ ಕೋವಿಯ ಕೆಲಸ ಗಾಳಿಯಲ್ಲಿ ಒಂದು ಸದ್ದು, ಅಷ್ಟೇ. ಏರ್‌ಗನ್‌ಗೂ ಇದೇ ಮಾತು. 4.5 ಎಂಎಂ ಬೋರ್, 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ ನಿಜ. ಆದರೆ ಅದರಿಂದ ಮಂಗನಿಗೆ ಹೊಡೆದರೂ ಅಪರಾಧವೇ.

ಹಾಗಾದ್ರೆ ಬೆಳೆ ಉಳಿಸ್ಕೊಳ್ಳೋದು ಹೇಗೆ?

ಬರೀ ಸದ್ದೇ ಬೇಕು ಅಂದರೆ ಕೋವಿಗಿಂತ ಅಗ್ಗದ ದಾರಿಗಳಿವೆ. ಆದರೆ ಪಿವಿಸಿ ಪೈಪಿನ ಕಾರ್ಬೈಡ್ ಗನ್ ಮಾತ್ರ ಬೇಡ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯ್ತು. ಹೊತ್ತಿಕೊಳ್ಳಲಿಲ್ಲ ಅಂತ ಪೈಪಿನೊಳಗೆ ಬಗ್ಗಿ ನೋಡೋ ಹೊತ್ತಿಗೇ ಅದು ಸಿಡಿಯೋದು.

ಹಂದಿಗೆ ನಾನು ಹೇಳೋದು ಸೋಲಾರ್ ಬೇಲಿ. ಅದರಲ್ಲಿ ಕರೆಂಟ್ ಸತತವಾಗಿ ಹರಿಯಲ್ಲ, ಸೆಕೆಂಡಿಗೊಂದರಂತೆ ಚಿಟ್ ಅಂತ ಬಡಿದು ಬಿಡುತ್ತೆ. ಹಂದಿ ಬೆದರುತ್ತೆ, ಸಾಯಲ್ಲ. ಕೆಳಗಿನ ತಂತಿ ಮೂತಿಯ ಮಟ್ಟದಲ್ಲಿ, ನೆಲದಿಂದ ಗೇಣುದ್ದದಲ್ಲಿರಲಿ. ಅರ್ತಿಂಗ್ ಸರಿಯಾಗಿ ಮಾಡಿಸಿ, ತಂತಿಗೆ ತಾಗೋ ಹುಲ್ಲು ಸವರ್ತಾ ಇರಿ. ಇಲ್ಲೂ ಹೊಂದಾಣಿಕೆ ಮುಖ್ಯ. ಎನರ್ಜೈಸರ್, ಬ್ಯಾಟರಿ, ಪ್ಯಾನೆಲ್ ಮೂರೂ ಒಂದಕ್ಕೊಂದು ತಕ್ಕ ಅಳತೆಯಲ್ಲಿರಬೇಕು. ಮೇನ್ಸ್ ಲೈನಿಂದ ನೇರ ತಂತಿಗೆ ಕರೆಂಟ್ ಕೊಡೋದು ಮಾತ್ರ ಕೊಲೆಗೆ ಸಮ. ಬೆಳಿಗ್ಗೆ ಆ ತಂತಿ ಮುಟ್ಟೋದು ಹಂದಿಯೇ ಅಂತೇನಿಲ್ಲ.

ಬೆಳೆ ಹಾಳಾದರೆ ಅವತ್ತೇ ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಯ ಇ-ಪರಿಹಾರಕ್ಕೆ ಅರ್ಜಿ ಹಾಕಿ. ಸಿಗೋ ದುಡ್ಡು ನಮ್ಮ ನಷ್ಟಕ್ಕೆ ಸಾಟಿ ಅಲ್ಲ, ಒಪ್ತೀನಿ. ಆದರೂ ಬಿಡಬೇಡಿ. 11ನೇ ಸೆಕ್ಷನ್ ಅನುಮತಿ ಕೇಳುವಾಗ, ಕೋವಿ ಪರವಾನಗಿಗೆ ಕಾರಣ ತೋರಿಸುವಾಗ ಇದೇ ಅರ್ಜಿಗಳು ನಿಮ್ಮ ಪರವಾಗಿ ದಾಖಲೆಯಾಗಿ ನಿಲ್ಲುತ್ತವೆ.

ಈ ವಾರದ ಕೆಲಸ ಇಷ್ಟು: ಮನೇಲಿ ಕೋವಿ ಇದ್ದರೆ ಪರವಾನಗಿ ಪುಸ್ತಕ ತೆಗೆದು ನವೀಕರಣದ ದಿನಾಂಕ ನೋಡಿ, ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕ್ಕೊಳ್ಳಿ. ತೋಟಾ ಇದ್ದರೆ ಅದರ ಉದ್ದ, ನಳಿಗೆಯ ಗುರುತು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕೋವಿ ಬೇರೆ, ತೋಟಾ ಬೇರೆ ಕಡೆ, ಎರಡಕ್ಕೂ ಬೀಗ, ಬೀಗದ ಕೈ ಮಕ್ಕಳಿಗೆ ಸಿಗದ ಕಡೆ.