ಹಸು ತೇಗಿದರೆ ಭೂಮಿಗೆ ಜ್ವರ!

ಭೂಮಿ ಬಿಸಿಯಾಗಲು ಯಾರು ಕಾರಣ ಎಂದರೆ ಎಲ್ಲರೂ ಕಾರು, ಕಾರ್ಖಾನೆ, ಕಲ್ಲಿದ್ದಲಿನ ಕಡೆ ಬೆರಳು ತೋರಿಸುತ್ತಾರೆ. ಅವು ದೊಡ್ಡ ಕಳ್ಳರೇ, ಸಂದೇಹವಿಲ್ಲ. ಆದರೆ ನಾವಿರುವ ಈ ನ್ಯೂಜಿಲೆಂಡಿನ ಹಸಿರುಮನೆ ಅನಿಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕೃಷಿಯದು. ಇಲ್ಲಿ ಮನುಷ್ಯರು 50 ಲಕ್ಷ ಚಿಲ್ಲರೆ. ದನಗಳು ಅದಕ್ಕಿಂತ ಹೆಚ್ಚು, ಕುರಿಗಳು ಎರಡು ಕೋಟಿಗೂ ಮೇಲೆ. ಎಲ್ಲವೂ ಹಗಲೂ ರಾತ್ರಿ ಮೆಲುಕು ಹಾಕುತ್ತಾ ಮೀಥೇನ್ ಬಿಡುತ್ತಿರುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಈ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಖಾರ.

2003ರಲ್ಲಿ ಇಲ್ಲಿಯ ಸರಕಾರ ಇದರ ಸಂಶೋಧನೆಗೆಂದು ರೈತರ ಮೇಲೆ ತೆರಿಗೆ ಹಾಕಹೊರಟಿತು. ಜನ ಅದಕ್ಕೆ 'ಹೂಸು ತೆರಿಗೆ' ಎಂದೇ ನಾಮಕರಣ ಮಾಡಿದರು! ಶೇನ್ ಆರ್ಡರ್ನ್ ಎಂಬ ಸಂಸದರಂತೂ 'ಮರ್ಟಲ್' ಎಂಬ ಹಳೇ ಟ್ರ್ಯಾಕ್ಟರನ್ನು ಸಂಸತ್ ಭವನದ ಮೆಟ್ಟಿಲೇ ಹತ್ತಿಸಿದರು. ತೆರಿಗೆ ಅಲ್ಲಿಗೇ ಠುಸ್ಸಾಯಿತು. 2022ರಲ್ಲಿ ಮತ್ತೆ ಮಾತೆದ್ದಿತು, ಅದೂ ಜಾರಿಗೆ ಬರಲಿಲ್ಲ.

ಪಾಪ, ಹಸುವಿಗೂ ಹೂಸಿಗೂ ಕನ್ನಡದಲ್ಲಿ ಒಂದು ಕೊಂಬಿನ ದೀರ್ಘದಷ್ಟೇ ಅಂತರವಿದ್ದರೂ, ಅಪವಾದ ಸುಳ್ಳು. ಹೊಟ್ಟೆಯ ಮೀಥೇನಿನಲ್ಲಿ ಬಹುಪಾಲು ಹೊರಬರುವುದು ಬಾಯಿಂದ, ತೇಗಾಗಿ. ನಮ್ಮಲ್ಲಿ ಊಟದ ನಂತರದ ತೇಗು ಅಡುಗೆ ಮಾಡಿದವರಿಗೆ ಕೊಡುವ ಸರ್ಟಿಫಿಕೇಟಲ್ಲವೇ?

ನಗಬೇಡಿ, ಎರಡನೇ ಆರೋಪಿ ನಿಮ್ಮ ತಟ್ಟೆಯಲ್ಲೇ ಇದ್ದಾನೆ: ಅನ್ನ! ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳೂ ಮೀಥೇನ್ ತಯಾರಿಸುತ್ತವೆ. ಆಗಾಗ ನೀರು ಬಸಿದು ಗದ್ದೆ ಒಣಗಲು ಬಿಟ್ಟರೆ ಇದು ಬಹಳಷ್ಟು ಇಳಿಯುತ್ತದೆ. ರಾಗಿಗೋ, ನಿಂತ ನೀರೇ ಬೇಡ. ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತ-ರಾಗಿಗಳ ಜಗಳ ಬಿದ್ದಾಗ ಶ್ರೀರಾಮ ರಾಗಿಯನ್ನೇ ಗೆಲ್ಲಿಸಿದ. ಮಂಡ್ಯದವಳಾದ ನನ್ನ ಹೆಂಡತಿ ಈ ತೀರ್ಪನ್ನು ದಿನಾ ರಾತ್ರಿ ಮುದ್ದೆಯ ರೂಪದಲ್ಲಿ ಜಾರಿಗೊಳಿಸುತ್ತಾಳೆ.

ಮೂರನೆಯವನು ಮಿಕ್ಕ ಊಟ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 8ರಿಂದ 10ರಷ್ಟು ವ್ಯರ್ಥವಾಗುವ ಆಹಾರದ್ದು. ಯುಗಾದಿ ಊಟಕ್ಕೆ ಬರುವವರು ಎಷ್ಟು ಮಂದಿ ಎಂದು ಮೊದಲೇ ತಿಳಿಸಿ ಅಂತ ನಮ್ಮ ಅಡುಗೆ ಸಮಿತಿ ಯಾಕೆ ಗೋಗರೆಯುತ್ತದೆ, ಗೊತ್ತಾಯಿತೇ?

ಇಷ್ಟೆಲ್ಲ ಕಳ್ಳರನ್ನು ಹಿಡಿದು ನಾನು ಬೀಗುತ್ತಿದ್ದಾಗ ಮಗಳು ಕ್ಯಾಲ್ಕ್ಯುಲೇಟರ್ ಹಿಡಿದು ಬಂದಳು. "ಅಪ್ಪಾ, ಆಕ್ಲೆಂಡಿನಿಂದ ಬೆಂಗಳೂರಿಗೆ ಹೋಗಿಬಂದರೆ ಒಬ್ಬರಿಗೆ ಸುಮಾರು ಎರಡು ಟನ್ ಇಂಗಾಲ. ಭಾರತದಲ್ಲಿ ಒಬ್ಬರ ಸರಾಸರಿ ಪಾಲು ಇಡೀ ವರ್ಷಕ್ಕೇ ಅಷ್ಟು!" ಮನೆಯಲ್ಲಿ ನಾವು ನಾಲ್ವರು. ನನ್ನ ಅಮ್ಮನಿಗೆ 78. ಹೋಗದೆ ಇರಲಾದೀತೇ? ಈ ಲೆಕ್ಕಕ್ಕೆ ನನ್ನಲ್ಲಿ ನಗು ಬರಲಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನಿಗೇ ಹೇಳಿದೆ. "ಅಷ್ಟೇನಾ? ವರ್ಷಾ ವರ್ಷಾ ಬಂದು ಹದಿನೈದು ದಿನ ಓಡಾಡೋ ಬದಲು, ಎರಡು ವರ್ಷಕ್ಕೊಂದ್ಸಲ ಬಂದು ಎರಡು ತಿಂಗಳು ಇರಪ್ಪ" ಎಂದರು.

ರಜಾ ಅರ್ಜಿ ಹಾಕಿದ್ದೇನೆ. ಕಾರಣ ಎಂಬಲ್ಲಿ 'ಜಾಗತಿಕ ತಾಪಮಾನ' ಎಂದು ಬರೆದಿದ್ದೇನೆ. ಬಾಸ್ ಇನ್ನೂ ಉತ್ತರಿಸಿಲ್ಲ.